ಕಾಲೇಜಿನ ಎದುರಿನ ಅಂಗಡಿ

ನಮ್ಮ ಕಾಲೇಜಿನ ಹೆಬ್ಬಾಗಿಲನ್ನು ದಾಟಿ ರಸ್ತೆಗೆ ಬಂದರೆ ಈಗ ಎರಡು ಅಂಗಡಿಗಳು ಕಣ್ಣಿಗೆ ಬೀಳುತ್ತವೆ. ಎಡಗಡೆಯದು ಶೆಟ್ಟರ ಅಂಗಡಿ. ಅದಕ್ಕೆ ಹೆಸರಿನ ಹಲಗೆಯೊಂದುಂಟು. ಆದರೆ ಬಿಸಿಲು ಮಳೆಗಳು ಅದರ ಮೇಲಿನ ಅಕ್ಷರಗಳನ್ನು ಅಳಿಸಿಹಾಕಿ ಎಷ್ಟೋ ವರ್ಷಗಳಾದವು. ಬಲಗಡೆಯದು ಹೋದ ವರ್ಷ ಆಷಾಢ ಕಳೆದು ಶ್ರಾವಣ ಹಿಡಿದ ಮೇಲೆ ತೆರೆದದ್ದು. ಅದಕ್ಕೆ ಗಾಜಿನ ಬಾಗಿಲು, ಒಳಗೆ ತಂಪು ಗಾಳಿ, ಹಗಲಿನಲ್ಲಿಯೂ ಉರಿಯುವ ಬಿಳಿಯ ದೀಪಗಳು. ಅದರ ಒಡೆಯರು ಯಾರೆಂಬುದನ್ನು ನಮ್ಮ ಊರಿನಲ್ಲಿ ಕಂಡವರಿಲ್ಲ. ದೂರದ ಮಹಾನಗರದಲ್ಲಿ ಕಚೇರಿಯಿರುವ ದೊಡ್ಡ ಸಂಸ್ಥೆಯೊಂದು ಊರೂರಿನಲ್ಲಿಯೂ ಒಂದೇ ಹೆಸರಿನಿಂದ, ಒಂದೇ ಬಣ್ಣದಿಂದ, ಒಂದೇ ಬೆಲೆಯಿಂದ ತೆರೆಯುತ್ತ ಬಂದಿರುವ ಅಂಗಡಿಗಳ ಸರಪಳಿಯಲ್ಲಿ ಇದೂ ಒಂದು ಕೊಂಡಿ. ಅದೂ ಚಿಕ್ಕ ಕೊಂಡಿ. ಪೇಟೆಯ ಹೊರಗಿನ ಅವರ ದೊಡ್ಡ ಮಳಿಗೆಯಲ್ಲಿ ಅಕ್ಕಿಯ ಮೂಟೆಯಿಂದ ಹಿಡಿದು ಕುರ್ಚಿ ಮೇಜುಗಳವರೆಗೆ ಸಿಕ್ಕಿದರೆ, ಇಲ್ಲಿ ಸಿಕ್ಕುವುದು ಒಬ್ಬ ವಿದ್ಯಾರ್ಥಿಗೆ ಒಂದು ದಿನಕ್ಕೆ ಬೇಕಾದದ್ದು ಮಾತ್ರ.

ಈ ಎರಡು ಅಂಗಡಿಗಳ ವಿಷಯವಾಗಿ ನನಗೆ ಕಳೆದ ಕೆಲವು ತಿಂಗಳುಗಳಲ್ಲಿ ತಿಳಿದುಬಂದದ್ದನ್ನು, ಮುಖ್ಯವಾಗಿ ನನ್ನ ತಿಳಿವಳಿಕೆಯಲ್ಲಿದ್ದ ತಪ್ಪನ್ನು, ಓದುಗರ ಮುಂದಿಡಬೇಕೆಂದು ಈ ಬರಹಕ್ಕೆ ತೊಡಗಿದ್ದೇನೆ.

ನಾನು ಈಗ ಪಾಠ ಹೇಳುತ್ತಿರುವ ಕಾಲೇಜಿನಲ್ಲಿಯೇ 1996ರಿಂದ 1999ರವರೆಗೆ ಬಿ.ಎ. ಓದಿದವನು. ಆಗ ಹೆಬ್ಬಾಗಿಲಿನ ಎದುರಿಗೆ ಇದ್ದದ್ದು ಶೆಟ್ಟರದೊಂದೇ ಅಂಗಡಿ. ಎಂಟಡಿ ಅಗಲ, ಹತ್ತಡಿ ಉದ್ದ. ಅಷ್ಟರಲ್ಲಿ ಅವರು ಒಂದು ವಿಶ್ವವನ್ನೇ ಅಡಕಿದ್ದರು. ಬಿಳಿಯ ಹಾಳೆ, ಗೆರೆಯ ಹಾಳೆ, ಗ್ರಾಫ್ ಹಾಳೆ, ರೆಕಾರ್ಡ್ ಪುಸ್ತಕ, ಪೆನ್ನಿನ ರೀಫಿಲ್ಲು, ಅಂಗಿಯ ಗುಂಡಿ, ಸೂಜಿದಾರ, ತಲೆನೋವಿನ ಮಾತ್ರೆ, ಗಾಜಿನ ಭರಣಿಗಳಲ್ಲಿ ಕಡಲೆಮಿಠಾಯಿ ಮತ್ತು ನಿಪ್ಪಟ್ಟು, ಮೇಲೆ ಹಗ್ಗಕ್ಕೆ ನೇತುಹಾಕಿದ ಬಾಳೆಹಣ್ಣಿನ ಗೊನೆ. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ, ಲಕ್ಷ್ಮಿಯ ಪಟದ ಕೆಳಗೆ, 'ಇಂದು ನಗದು ನಾಳೆ ಉದ್ರಿ' ಎಂಬ ಫಲಕ. ಆ ಫಲಕದ ಕೆಳಗೆಯೇ ಒಂದು ಉದ್ದನೆಯ ಲೆಕ್ಕದ ಪುಸ್ತಕ. ಫಲಕವನ್ನು ಶೆಟ್ಟರು ಗಂಭೀರವಾಗಿ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಹಾಸ್ಟೆಲಿನ ಹುಡುಗರಲ್ಲಿ ಆ ಪುಸ್ತಕದಲ್ಲಿ ಹೆಸರಿಲ್ಲದವನು ವಿರಳ.

ಹೊಸಬನೊಬ್ಬ ಅಂಗಡಿಗೆ ಬಂದರೆ ಶೆಟ್ಟರು ಏನು ಬೇಕೆಂದು ಕೇಳುತ್ತಿರಲಿಲ್ಲ. "ಯಾವೂರಪ್ಪ? ಯಾರ ಮಗ?" ಎಂಬುದು ಅವರ ಮೊದಲ ಪ್ರಶ್ನೆ. ಊರಿನ ಹೆಸರು ಹೇಳಿದರೆ ಆ ಊರಿನ ಸಂತೆ ಯಾವ ದಿನ, ಅಲ್ಲಿ ಈ ವರ್ಷ ರಾಗಿ ಹೇಗಾಗಿದೆ, ಅಲ್ಲಿಯ ಪಟೇಲರ ಮನೆಯ ವ್ಯಾಜ್ಯ ಎಲ್ಲಿಗೆ ಬಂತು ಎಂಬುದನ್ನೆಲ್ಲ ಅವರೇ ನಮಗೆ ಹೇಳುತ್ತಿದ್ದರು. ಸುತ್ತಲಿನ ಸಂತೆಗಳಿಗೆ ಬೆಲ್ಲ ಹುಣಿಸೆಹಣ್ಣುಗಳ ವ್ಯಾಪಾರಕ್ಕಾಗಿ ತಿರುಗಿದವರು ಅವರು.

1998ರಲ್ಲಿ ಪರೀಕ್ಷೆಯ ಶುಲ್ಕ ಕಟ್ಟುವ ಕೊನೆಯ ದಿನ ನನ್ನ ತಂದೆ ಕಳುಹಿಸಿದ ಮನಿಯಾರ್ಡರ್ ಬಂದಿರಲಿಲ್ಲ. ನಾನು ಶೆಟ್ಟರನ್ನು ಕೇಳಲಿಲ್ಲ, ಕೇಳುವ ಧೈರ್ಯವಿರಲಿಲ್ಲ. ಅಂಗಡಿಯ ಮುಂದೆ ಸುಮ್ಮನೆ ನಿಂತಿದ್ದೆ. ಅವರೇ, "ಏನು ಮರಿ, ಮುಖ ಹೀಗಿದೆ?" ಎಂದು ವಿಚಾರಿಸಿ, ಗಲ್ಲಾಪೆಟ್ಟಿಗೆಯಿಂದ ಹಣ ಎಣಿಸಿಕೊಟ್ಟು, ಪುಸ್ತಕದಲ್ಲಿ ಬರೆದುಕೊಂಡರು. ಬಡ್ಡಿಯ ಮಾತಿಲ್ಲ, ಪತ್ರವಿಲ್ಲ, ಸಾಕ್ಷಿಯಿಲ್ಲ. ಆ ದಿನ ಆ ಹಣ ಸಿಕ್ಕದಿದ್ದರೆ ನಾನು ಒಂದು ವರ್ಷ ಹಿಂದೆ ಬೀಳುತ್ತಿದ್ದೆ. ನಮ್ಮ ಮನೆಯ ಆಗಿನ ಸ್ಥಿತಿಯಲ್ಲಿ ಆ ಒಂದು ವರ್ಷವೆಂದರೆ ಓದೇ ನಿಲ್ಲುತ್ತಿತ್ತು. ಮಾನಸಗಂಗೋತ್ರಿಯಲ್ಲಿ ಎಂ.ಎ. ಮುಗಿಸಿ ಇದೇ ಕಾಲೇಜಿಗೆ ಅಧ್ಯಾಪಕನಾಗಿ ಬಂದು ಇಷ್ಟು ವರ್ಷ ಕನ್ನಡ ಬೋಧಿಸಿರುವುದರ ಹಿಂದೆ ಆ ಎಂಟಡಿ ಅಂಗಡಿಯ ಋಣವಿದೆಯೆಂದು ನಾನು ಎಲ್ಲರೊಡನೆಯೂ ಹೇಳಿಕೊಳ್ಳುತ್ತ ಬಂದಿದ್ದೇನೆ.

ಇಂಥವನಿಗೆ ಎದುರಿನ ಗಾಜಿನ ಅಂಗಡಿಯ ಮೇಲೆ ಪ್ರೀತಿ ಹುಟ್ಟುವುದು ಹೇಗೆ? ತೆರೆದ ಮೇಲೆ ಎರಡು ತಿಂಗಳು ನಾನು ಅದರೊಳಗೆ ಕಾಲಿಡಲಿಲ್ಲ. ಒಂದು ಸಂಜೆ ಮಳೆ ಬಂದದ್ದರಿಂದ ಒಳಹೊಕ್ಕೆ. ಒಳಗೆ ಯಾರೂ ನನ್ನನ್ನು ಏನು ಬೇಕೆಂದು ಕೇಳಲಿಲ್ಲ. ಸಾಲುಸಾಲು ಗೂಡುಗಳಲ್ಲಿ ಒಬ್ಬರಿಗೆ ಸಾಕಾಗುವ ಉಪ್ಪಿಟ್ಟಿನ ಪೊಟ್ಟಣ, ಬಿಸಿನೀರು ಹೊಯ್ದರೆ ಬೇಯುವ ಶಾವಿಗೆಯ ಲೋಟ, ಒಂದು ಸ್ನಾನಕ್ಕೆ ಬರುವ ಶಾಂಪೂ, ಫೋನಿನ ತಂತಿ, ಕೊಡೆ, ನೋಟುಪುಸ್ತಕ. ಯಾವ ವಸ್ತು ಕಣ್ಣಿನ ಮಟ್ಟದಲ್ಲಿರಬೇಕು, ಯಾವುದು ಹಣ ಕೊಡುವ ಮೇಜಿನ ಪಕ್ಕದಲ್ಲಿರಬೇಕು ಎಂಬುದನ್ನೆಲ್ಲ ದೂರದ ಕಚೇರಿ ಗೊತ್ತುಮಾಡಿರುತ್ತದಂತೆ. ಪೆನ್ನು ಕೊಳ್ಳಲು ಹೋದವನು ಬುಟ್ಟಿಯಲ್ಲಿ ಐದು ವಸ್ತುಗಳನ್ನು ಹಾಕಿಕೊಂಡಿದ್ದೆ. ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದುತಂದ ಗಂಡನಿಗೆ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬಾ ಎಂದು ಹೇಳಿ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಅಂದು ಬೆಳಿಗ್ಗೆಯೇ ತರಗತಿಯಲ್ಲಿ ಹೇಳಿ ಬಂದಿದ್ದೆನೆಂಬುದು ನೆನಪಾಗಿ ನಾಚಿಕೆಯಾಯಿತು.

ಹಣ ತೆಗೆದುಕೊಳ್ಳುವ ಜಾಗದಲ್ಲಿ ನಿಂತಿದ್ದವಳು ನಮ್ಮಲ್ಲಿಯೇ ಕನ್ನಡವನ್ನು ಐಚ್ಛಿಕವಾಗಿ ತೆಗೆದುಕೊಂಡು ಬಿ.ಎ. ಮುಗಿಸಿದ ಹುಡುಗಿ. ಆಕೆ ತಲೆಯೆತ್ತದೆ, ಕಲಿಸಿದ ಪಾಠದಂತೆ, "ಮೊಬೈಲ್ ನಂಬರ್ ಹೇಳಿ ಸರ್" ಎಂದಳು. ಆಮೇಲೆ ಮುಖ ನೋಡಿ, "ಅಯ್ಯೋ, ಸರ್, ನೀವಾ!" ಎಂದು ನಕ್ಕಳು. ಕೂರಲು ಕುರ್ಚಿಯಿಲ್ಲವೇ ಎಂದು ಕೇಳಿದೆ. "ಇಲ್ಲ ಸರ್, ನಿಂತೇ ಇರಬೇಕು. ಆದರೆ ಸಂಬಳ ತಿಂಗಳ ಮೊದಲನೆಯ ವಾರ ತಪ್ಪದೆ ಬರುತ್ತೆ" ಎಂದಳು. ಅಂಗಡಿಯ ಕೆಲಸಗಾರರಿಗೆ ಕೂರಲು ಅವಕಾಶ ಕೊಡಬೇಕೆಂದು ಕೇರಳವು 2018ರಲ್ಲಿಯೂ ತಮಿಳುನಾಡು 2021ರಲ್ಲಿಯೂ ತಮ್ಮ ಕಾನೂನುಗಳನ್ನು ತಿದ್ದಿದವೆಂಬುದನ್ನು ನಾನು ಪತ್ರಿಕೆಗಳಲ್ಲಿ ಓದಿದ್ದೆ. ಕೂರುವುದಕ್ಕೂ ಕಾನೂನು ಬೇಕೇ ಎಂದು ಆಗ ಆಶ್ಚರ್ಯಪಟ್ಟಿದ್ದೆ. ಆ ಹುಡುಗಿಯ ಕಾಲುಗಳನ್ನು ನೋಡಿದ ಮೇಲೆ ಆಶ್ಚರ್ಯ ಉಳಿಯಲಿಲ್ಲ.

ಮನೆಗೆ ಬಂದ ಮೇಲೆ ಕನ್ನಡದ ಮೇಷ್ಟರ ಬುದ್ಧಿ ತನ್ನ ಚಾಳಿಗೆ ತೊಡಗಿತು. 'ಅಂಗಡಿ' ಎಂಬ ಮಾತು ನಮ್ಮ ನೆಲದಲ್ಲಿ ಎಷ್ಟು ಆಳಕ್ಕೆ ಬೇರುಬಿಟ್ಟಿದೆ! ಉಪ್ಪಿನಂಗಡಿ, ಬೆಳ್ತಂಗಡಿ, ಹಳೆಯಂಗಡಿ, ಹೊಸಂಗಡಿ ಎಂದು ಊರುಗಳೇ ಅಂಗಡಿಗಳ ಹೆಸರಿನಿಂದ ಬೆಳೆದಿವೆ. ಕೊಳ್ಳಲು ಬರುವವನನ್ನು ನಾವು ಗಿರಾಕಿ ಎಂದೆವು. ಸಂಸ್ಕೃತದ ಗ್ರಾಹಕನೇ ಜನರ ಬಾಯಲ್ಲಿ ತಿರುಗಿ ತಿರುಗಿ ಗಿರಾಕಿಯಾದವನು. ಅಷ್ಟಕ್ಕೇ ಬಿಡದೆ, ವಿಚಿತ್ರ ಸ್ವಭಾವದ ಯಾರನ್ನಾದರೂ ಕಂಡರೆ 'ಇವನೊಬ್ಬ ಗಿರಾಕಿ' ಎಂದು ಹೇಳುವ ರೂಢಿಯೂ ಬಂತು. ಹೊಸ ಅಂಗಡಿಯ ಫಲಕಗಳಲ್ಲಿ ನಾವು ಮತ್ತೆ ಗ್ರಾಹಕರಾಗಿದ್ದೇವೆ. 2024ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಅದರ ನಾಮಫಲಕದಲ್ಲಿ ನೂರಕ್ಕೆ ಅರುವತ್ತು ಭಾಗ ಕನ್ನಡವಿದೆ; ಒಳಗೆ ಹೋಗಿ ಹೊರಬರುವಷ್ಟರಲ್ಲಿ ಒಂದು ಮಾತೂ ಕನ್ನಡವನ್ನಾಡದೆ, ವಾಸ್ತವವಾಗಿ ಯಾವ ಭಾಷೆಯನ್ನೂ ಆಡದೆ, ವ್ಯಾಪಾರ ಮುಗಿಸಬಹುದು. ಕನ್ನಡ ಮಾತು ಆಡುವ ಇನ್ನೊಂದು ಜಾಗ ಮುಚ್ಚಿತಲ್ಲ ಎಂದು ಕೊರಗಿದೆ.

ನನ್ನ ಕೊರಗನ್ನು ಹಳೆಯ ವಿದ್ಯಾರ್ಥಿಯೊಬ್ಬನಿಗೆ ಬರೆದು ತಿಳಿಸಿದೆ. ಆತ ನಮ್ಮಲ್ಲಿ ಬಿ.ಎಸ್‌ಸಿ. ಓದಿ, ಈಗ ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾನೆ. ಅವನ ಉತ್ತರ ದೀರ್ಘವಾಗಿತ್ತು. ಅದನ್ನು ಓದಿದ ಮೇಲೆ, ನಮ್ಮ ಊರಿನ ಕಥೆ ನಮ್ಮ ಊರಿನದು ಮಾತ್ರವಲ್ಲವೆಂದು ತಿಳಿಯಿತು.

ಮಿನಿಯಾಪೊಲಿಸ್ ನಗರದಲ್ಲಿ ಆ ವಿಶ್ವವಿದ್ಯಾನಿಲಯಕ್ಕೆ ಹೊಂದಿಕೊಂಡಂತೆ ಡಿಂಕಿಟೌನ್ ಎಂಬ ಪುಟ್ಟ ಪೇಟೆಯಿದೆ. ಪುಸ್ತಕದ ಅಂಗಡಿ, ಕಾಫಿಯ ಅಂಗಡಿ, ಔಷಧಿಯ ಅಂಗಡಿಗಳಿಂದ ಬೆಳೆದ, ವಿದ್ಯಾರ್ಥಿಗಳದೇ ಆದ ಪೇಟೆ. 2016ರಲ್ಲಿ ಸಾಹಿತ್ಯಕ್ಕೆ ನೊಬೆಲ್ ಬಹುಮಾನ ಪಡೆದ ಬಾಬ್ ಡಿಲನ್ 1959ರಲ್ಲಿ ಆ ವಿಶ್ವವಿದ್ಯಾನಿಲಯಕ್ಕೆ ಸೇರಿದಾಗ, ಅಲ್ಲಿಯ ಒಂದು ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕೆಲವು ಕಾಲ ವಾಸವಾಗಿದ್ದು, ಸಮೀಪದ ಕಾಫಿಯ ಅಂಗಡಿಯಲ್ಲಿ ಹಾಡುತ್ತಿದ್ದನಂತೆ. ಆತ ಪದವಿ ಪಡೆಯಲಿಲ್ಲ. ಪಡೆದ ಶಿಕ್ಷಣದ ಬಹುಭಾಗ ಆ ಅಂಗಡಿಗಳದ್ದೇ ಎಂದರೂ ನಡೆದೀತು.

1970ರಲ್ಲಿ ಆ ಪೇಟೆಗೆ 'ರೆಡ್ ಬಾರ್ನ್' ಎಂಬ ಸರಪಳಿ ಉಪಾಹಾರಗೃಹವೊಂದು ಬರಲು ಹವಣಿಸಿತು. ಅದಕ್ಕಾಗಿ ಕೆಡವಬೇಕಾಗಿದ್ದ ಹಳೆಯ ಕಟ್ಟಡಗಳೊಳಗೆ ವಿದ್ಯಾರ್ಥಿಗಳೂ ನೆರೆಹೊರೆಯವರೂ ಹೊಕ್ಕು ಕುಳಿತುಬಿಟ್ಟರು. ಒಂದು ತಿಂಗಳಿಗೂ ಮಿಕ್ಕಿ ಅವರು ಕದಲಲಿಲ್ಲ. ಮೇ 6ರ ಮುಂಜಾನೆ ಪೊಲೀಸರು ಬಂದು ಅವರನ್ನು ಹೊರಹಾಕಿದರು, ಕಟ್ಟಡಗಳು ನೆಲಸಮವಾದವು. ಆದರೆ ಆ ಉಪಾಹಾರಗೃಹ ಅಲ್ಲಿ ಕಟ್ಟಲ್ಪಡಲೇ ಇಲ್ಲ. ಜನರ ವಿರೋಧವನ್ನು ಕಂಡ ಸಂಸ್ಥೆ ಹಿಂದೆಗೆಯಿತು.

ಅದೇ ಡಿಂಕಿಟೌನಿನಲ್ಲಿ, 2014ರ ಜುಲೈ ತಿಂಗಳಲ್ಲಿ, ಅದೇ ನಗರದಲ್ಲಿ ಮುಖ್ಯ ಕಚೇರಿಯಿರುವ ಟಾರ್ಗೆಟ್ ಎಂಬ ಬೃಹತ್ ವ್ಯಾಪಾರಸಂಸ್ಥೆ ತನ್ನ ಚಿಕ್ಕ ಮಾದರಿಯ ಅಂಗಡಿಗಳಲ್ಲಿ ಮೊದಲನೆಯದನ್ನು ತೆರೆಯಿತು. ಆ ಸಂಸ್ಥೆಯ ಸಾಧಾರಣ ಮಳಿಗೆಯ ವಿಸ್ತಾರ ಸುಮಾರು 1,30,000 ಚದರಡಿ. ಇದರದು ಸುಮಾರು 20,000. ಕಾರಿಲ್ಲದ, ಒಂದೇ ಕೋಣೆಯಲ್ಲಿ ವಾಸಿಸುವ, ಒಬ್ಬನಿಗೆ ಅಡಿಗೆ ಮಾಡಿಕೊಳ್ಳುವ ವಿದ್ಯಾರ್ಥಿಗೆ ತಕ್ಕಂತೆ ವಸ್ತುಗಳನ್ನು ಆಯ್ದು ಇಟ್ಟಿದ್ದರು. ಅದು ಫಲಿಸಿತೆಂದು ಕಂಡುಕೊಂಡ ಮೇಲೆ ಮೇರಿಲ್ಯಾಂಡಿನ ಕಾಲೇಜ್ ಪಾರ್ಕ್, ಕ್ಯಾಲಿಫೋರ್ನಿಯದ ಬರ್ಕ್ಲಿ ಹೀಗೆ ಅನೇಕ ವಿದ್ಯಾಕೇಂದ್ರಗಳ ಮಗ್ಗುಲಲ್ಲಿ ಇಂಥ ಅಂಗಡಿಗಳು ಎದ್ದವು. ವ್ಯಾಪಾರಿಯ ಲೆಕ್ಕ ಸರಳ: ಮೊದಲ ಬಾರಿಗೆ ಮನೆ ಬಿಟ್ಟು ಬಂದ ಹದಿನೆಂಟು ವರ್ಷದವನಿಗೆ ತನ್ನ ಸಾಬೂನನ್ನು ತಾನೇ ಆರಿಸಿಕೊಳ್ಳುವುದು ಹೊಸ ಅನುಭವ, ಆ ವಯಸ್ಸಿನಲ್ಲಿ ಹಿಡಿದ ಸಾಬೂನನ್ನು ಮನುಷ್ಯ ಬಹುಕಾಲ ಬಿಡುವುದಿಲ್ಲ. ಪ್ರತಿವರ್ಷ ಹೊಸ ಗಿರಾಕಿಗಳನ್ನು ಕಾಲೇಜೇ ಕರೆತಂದು ಬಾಗಿಲಲ್ಲಿ ಬಿಡುತ್ತದೆ.

"1970ರ ವಿದ್ಯಾರ್ಥಿಗಳು ಓಡಿಸಿದ್ದನ್ನು ಇವರು ಒಳಗೆ ಬಿಟ್ಟುಕೊಂಡರಲ್ಲ ಎಂದು ನಿಮಗೆ ಬೇಸರವಾಗಬಹುದು ಸರ್," ಎಂದು ಅವನು ಪತ್ರವನ್ನು ಮುಗಿಸಿದ್ದ. "ಆದರೆ ನಾನು ಇಲ್ಲಿಗೆ ಬಂದ ಮೊದಲ ವಾರ, ಹಿಮ ಬೀಳುವಾಗ, ಹೊದಿಕೆಯೂ ಅಕ್ಕಿಯೂ ನನಗೆ ಸಿಕ್ಕಿದ್ದು ಇಂಥ ಅಂಗಡಿಯಲ್ಲೇ. ನನ್ನ ಇಂಗ್ಲಿಷನ್ನು ಕೇಳಿ ಅಲ್ಲಿ ಯಾರೂ ನಗಲಿಲ್ಲ. ಏಕೆಂದರೆ ನಾನು ಮಾತಾಡುವ ಅಗತ್ಯವೇ ಬರಲಿಲ್ಲ."

ಈ ಕೊನೆಯ ಮಾತು ನನ್ನನ್ನು ಸ್ವಲ್ಪ ಚುಚ್ಚಿತು. ಆದರೂ ನಾನು ಪಟ್ಟು ಬಿಡಲಿಲ್ಲ. ಸರಪಳಿ ವ್ಯಾಪಾರ ನಮಗೆ ಹೊಸದಲ್ಲ. ಅಯ್ಯಾವೊಳೆಯ ಐನೂರ್ವರ ವರ್ತಕಸಂಘ ದಕ್ಷಿಣ ಭಾರತವನ್ನೆಲ್ಲ ವ್ಯಾಪಿಸಿ, ಸಮುದ್ರವನ್ನೂ ದಾಟಿತ್ತು. ಸುಮಾತ್ರ ದ್ವೀಪದಲ್ಲಿ ಅವರ ಹೆಸರನ್ನು ಹೊತ್ತ 1088ರ ತಮಿಳು ಶಾಸನ ದೊರೆತಿದೆ. ಹೊಸದು ಯಾವುದೆಂದರೆ, ಮಾತಿಲ್ಲದ ವ್ಯಾಪಾರ. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ, ಗಿರಾಕಿಯೇ ಬುಟ್ಟಿ ಹಿಡಿದು ಒಳಗೆ ತಿರುಗಿ ತನಗೆ ಬೇಕಾದುದನ್ನು ಎತ್ತಿಕೊಳ್ಳುವ ಅಂಗಡಿಯನ್ನು ತೆರೆದ. ಅಲ್ಲಿಯವರೆಗೆ ಅಲ್ಲಿಯೂ ಅಂಗಡಿಯವನೇ ತೆಗೆದುಕೊಡಬೇಕಾಗಿತ್ತು. 1974ರ ಜೂನ್ 26ರಂದು ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ ಕಪ್ಪು ಗೆರೆಗಳ ಗುರುತನ್ನು ಯಂತ್ರ ಮೊದಲ ಬಾರಿಗೆ ಓದಿ ಬೆಲೆ ಹೇಳಿತು; ಮಾರಾಟವಾದದ್ದು ಅಗಿಯುವ ಗೋಂದಿನ ಒಂದು ಪೊಟ್ಟಣ. ಬೆಲೆಯನ್ನು ಬಾಯಲ್ಲಿ ಹೇಳುವ ಕೆಲಸವೂ ಅಲ್ಲಿಗೆ ಮುಗಿಯಿತು. ಮನುಷ್ಯನ ಮಾತು ವ್ಯಾಪಾರದಿಂದ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೊರಹೋಯಿತು ಎಂಬುದು ನನ್ನ ಸಿದ್ಧಾಂತ. ಅದನ್ನು ಒಂದು ಪ್ರಬಂಧವಾಗಿ ಬರೆಯಲು ಟಿಪ್ಪಣಿಗಳನ್ನೂ ಮಾಡಿಕೊಂಡಿದ್ದೆ.

ಅಷ್ಟರಲ್ಲಿ ದ್ವಿತೀಯ ವರ್ಷದ ವಿದ್ಯಾರ್ಥಿಗಳಿಗೆ ಪ್ರಬಂಧರಚನೆಯ ಅಭ್ಯಾಸ ಕೊಡಬೇಕಾಗಿ ಬಂತು. 'ನಮ್ಮ ಕಾಲೇಜಿನ ಎದುರಿನ ಅಂಗಡಿ' ಎಂಬ ವಿಷಯವನ್ನು ಕೊಟ್ಟೆ. ಯಾವ ಅಂಗಡಿ ಎಂದು ಹೇಳಲಿಲ್ಲ. ನನ್ನ ಸಿದ್ಧಾಂತಕ್ಕೆ ಒಂದಷ್ಟು ಕಣ್ಣೀರಿನ ಸಮರ್ಥನೆ ದೊರೆಯಬಹುದೆಂಬ ಆಸೆ ನನಗಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಹುಡುಗರಲ್ಲಿ ಹಲವರು ಶೆಟ್ಟರ ಬಗ್ಗೆ ಪ್ರೀತಿಯಿಂದಲೇ ಬರೆದಿದ್ದರು. ಒಬ್ಬ ಹುಡುಗ ಮಾತ್ರ, ತನ್ನ ಊರಿನ ಅಂಗಡಿಯಲ್ಲಿ ಚಿಲ್ಲರೆಯನ್ನು ತನ್ನ ತಂದೆಯ ಕೈಗೆ ಕೊಡದೆ ಹಲಗೆಯ ಮೇಲೆ ಎಸೆಯುತ್ತಿದ್ದರೆಂದೂ, ಆದ್ದರಿಂದ 'ಯಾವೂರು, ಯಾರ ಮಗ' ಎಂದು ಯಾವ ಅಂಗಡಿಯವರು ಕೇಳಿದರೂ ತನಗೆ ಮೈ ಬಿಗಿಯಾಗುತ್ತದೆಂದೂ ಬರೆದಿದ್ದ. ಶೆಟ್ಟರು ತನಗೆ ಹಾಗೆ ಮಾಡಿಲ್ಲವೆಂದು ಸೇರಿಸಿದ್ದ. ಆದರೆ ಆ ಪ್ರಶ್ನೆಗೆ ಅವನು ಶೆಟ್ಟರಿಗೆ ಕೊಟ್ಟ ಉತ್ತರ ಸುಳ್ಳಂತೆ. ಬೇರೆ ಯಾವುದೋ ಊರಿನ, ಬೇರೆ ಯಾರದೋ ಮಗನಾಗಿ ಅವನು ಎರಡು ವರ್ಷದಿಂದ ಆ ಅಂಗಡಿಯಲ್ಲಿ ಬಾಳೆಹಣ್ಣು ಕೊಳ್ಳುತ್ತಿದ್ದಾನೆ.

ಇನ್ನೊಂದು ಪ್ರಬಂಧ ಒಬ್ಬ ವಿದ್ಯಾರ್ಥಿನಿಯದು. ಹೆಸರನ್ನೂ ಗುರುತನ್ನೂ ಮರೆಸಿ ಅದರ ಸಾರವನ್ನು ಹೇಳಲು ಆಕೆ ಒಪ್ಪಿದ್ದಾಳೆ. ಪ್ರಥಮ ವರ್ಷದಲ್ಲಿ ಒಂದು ಮಧ್ಯಾಹ್ನ ಆಕೆ ಸಹಪಾಠಿಯೊಬ್ಬನ ಟಿಪ್ಪಣಿಗಳನ್ನು ಶೆಟ್ಟರ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸುತ್ತಿದ್ದಳು. ಯಂತ್ರ ಕೆಟ್ಟಿತು. ಸರಿಹೋಗುವವರೆಗೆ ಇಬ್ಬರೂ ಮಾತಾಡುತ್ತ ನಿಂತಿದ್ದರು. ಶೆಟ್ಟರು ಎಂದಿನಂತೆ, "ಯಾವೂರಮ್ಮ? ಯಾರ ಮಗಳು?" ಎಂದು ಕೇಳಿದರು. ಆಕೆ ಹೇಳಿದಳು. ಅವಳ ದೊಡ್ಡಪ್ಪ ಶೆಟ್ಟರಿಗೆ ಸಂತೆಯ ಪರಿಚಯದವರು. ಮುಂದಿನ ಸಂತೆಯ ದಿನ ಶೆಟ್ಟರು ಅವರಿಗೆ, ಮಗು ಜಾಣೆ, ಆದರೆ ಹುಡುಗನೊಬ್ಬನ ಜೊತೆ ನಿಂತಿತ್ತು, ಸ್ವಲ್ಪ ನಿಗಾ ಇರಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಮರುದಿನದಿಂದ ಆಕೆಯನ್ನು ಕಾಲೇಜಿಗೆ ಕಳುಹಿಸಲಿಲ್ಲ. ಐದು ವಾರ ಮನೆಯಲ್ಲಿಯೇ ಇದ್ದಳು. ಗಂಡು ನೋಡುವ ಮಾತೂ ಎದ್ದಿತು. ಊರಿನ ಅಂಗನವಾಡಿಯ ಮೇಡಂ ಮತ್ತು ತಾಯಿ ಸೇರಿ ಕಾಡಿ ಬೇಡಿ ಮತ್ತೆ ಕಳುಹಿಸಿದರು.

"ಹೊಸ ಅಂಗಡಿಯಲ್ಲಿ ನನ್ನನ್ನು ಯಾರೂ ಮಾತಾಡಿಸುವುದಿಲ್ಲ. ತಿಂಗಳಿಗೊಮ್ಮೆ ನನಗೆ ಬೇಕಾಗುವ ವಸ್ತುವನ್ನು ಹುಡುಗರು ಹೋಗುವವರೆಗೂ ಕಾದು ನಿಂತು ಪಿಸುಮಾತಿನಲ್ಲಿ ಕೇಳಬೇಕಾಗಿಲ್ಲ. ಅದಕ್ಕೇ ನಾನು ಅಲ್ಲಿಗೆ ಹೋಗುತ್ತೇನೆ," ಎಂದು ಆಕೆ ಮುಗಿಸಿದ್ದಳು.

ಪ್ರಬಂಧವನ್ನು ಕೆಳಗಿಟ್ಟು ಪ್ರಥಮ ವರ್ಷದ ಹಾಜರಿಯ ಪುಸ್ತಕವನ್ನು ತೆಗೆದು ನೋಡಿದೆ. ಐದು ವಾರಗಳ ಗೈರುಹಾಜರಿ ಅಲ್ಲಿತ್ತು. ಹಾಜರಿ ಕಡಮೆಯಾದವರ ಪಟ್ಟಿಯಲ್ಲಿ ಅವಳ ಹೆಸರನ್ನು ಬರೆದದ್ದು ನನ್ನದೇ ಅಕ್ಷರ. ಆಕೆ ಮರಳಿ ಬಂದ ದಿನ ನಾನು ತರಗತಿಯಲ್ಲಿ ಎಲ್ಲರೆದುರಿಗೆ, "ಏನಮ್ಮ, ಮದುವೆಮನೆಗಳ ಓಡಾಟ ಹೆಚ್ಚಾಯಿತೇನು?" ಎಂದು ಕೇಳಿದ್ದೂ, ಇಡೀ ತರಗತಿ ನಕ್ಕದ್ದೂ ನೆನಪಾಯಿತು. ಆಕೆ ಅದನ್ನು ಪ್ರಬಂಧದಲ್ಲಿ ಬರೆದಿರಲಿಲ್ಲ. ಮರೆತಿರಲಾರಳು.

ಆ ರಾತ್ರಿ ನಿದ್ರೆ ಬಾರದೆ ಮಲಗಿದ್ದಾಗ ನನ್ನ ಸಹಪಾಠಿಯೊಬ್ಬನ ನೆನಪು ಬಂತು. ಶೆಟ್ಟರ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಎಂಬತ್ತಾರು ರೂಪಾಯಿ ಬಾಕಿಯಿತ್ತು. ಶೆಟ್ಟರು ಎಂದೂ ಅವನನ್ನು ಕೇಳಿದವರಲ್ಲ. ಕೊಡಲಾರದ ನಾಚಿಕೆಗೆ ಅವನು ಕೊನೆಯ ವರ್ಷ ಪೂರ್ತಿ ಹೆಬ್ಬಾಗಿಲನ್ನು ಬಿಟ್ಟು, ಆಟದ ಬಯಲನ್ನು ಬಳಸಿ, ಹಿಂದಿನ ಗೇಟಿನಿಂದ ಕಾಲೇಜಿಗೆ ಬರುತ್ತಿದ್ದ. ನಾವು ಅದನ್ನು ತಮಾಷೆಯಾಗಿ ಹೇಳಿಕೊಂಡು ನಗುತ್ತಿದ್ದೆವು. ಶೆಟ್ಟರ ಉಪಕಾರದ ಕಥೆಯನ್ನು ನೂರು ಸಲ ಹೇಳಿದ ನಾನು ಈ ಕಥೆಯನ್ನು ಒಂದು ಸಲವೂ ಹೇಳಿರಲಿಲ್ಲ.

'ಯಾವೂರು? ಯಾರ ಮಗ?' ಎಂಬ ಒಂದೇ ಪ್ರಶ್ನೆ ನನಗೆ ಪರೀಕ್ಷೆಯ ಶುಲ್ಕವನ್ನು ಕೊಡಿಸಿತು. ಒಬ್ಬ ಹುಡುಗನಿಂದ ಅವನ ಊರನ್ನೇ ಬಚ್ಚಿಡಿಸಿತು. ಒಬ್ಬ ಹುಡುಗಿಯನ್ನು ಐದು ವಾರ ಮನೆಯಲ್ಲಿ ಕೂಡಿಹಾಕಿತು. ಕೇಳಿದವರು ಒಬ್ಬರೇ, ಕೇಳಿದ ಮನಸ್ಸೂ ಒಂದೇ. ಉತ್ತರಿಸುವವನು ಸಮಾಜದ ಯಾವ ಮೆಟ್ಟಿಲಿನಲ್ಲಿ ನಿಂತಿದ್ದಾನೆ ಎಂಬುದರ ಮೇಲೆ ಆ ಪ್ರಶ್ನೆ ಹರಕೆಯೋ ಹೊರೆಯೋ ಆಗುತ್ತದೆ. ನಾನು ಸುಖವಾದ ಮೆಟ್ಟಿಲಿನಲ್ಲಿ ನಿಂತಿದ್ದೆ. ಹಳೆಯ ಅಂಗಡಿಯ ಬಗ್ಗೆ ಕಣ್ಣೀರಿಡುವ ನನ್ನಂಥವರು ಈ ಮಾತನ್ನು ಮೊದಲು ಒಪ್ಪಿಕೊಂಡು ಆಮೇಲೆ ಮುಂದಿನ ಮಾತಾಡಬೇಕು.

ಹಾಗೆಂದು ಗಾಜಿನ ಅಂಗಡಿ ನಮ್ಮನ್ನು ನಮ್ಮ ಪಾಡಿಗೆ ಬಿಟ್ಟಿದೆಯೆಂದು ತಿಳಿಯುವುದೂ ಭ್ರಮೆ. ಆ ಹುಡುಗಿ ಪ್ರತಿಸಲವೂ ಹೇಳುವ ಹತ್ತು ಅಂಕಿಗಳ ಜೊತೆಗೆ ಅವಳು ಏನನ್ನು, ಎಂದು, ಎಷ್ಟು ಕೊಂಡಳೆಂಬುದು ದೂರದ ಯಂತ್ರದಲ್ಲಿ ಸೇರಿಕೊಳ್ಳುತ್ತದೆ. ಶೆಟ್ಟರ ಪುಸ್ತಕಕ್ಕಿಂತ ಅದು ದೊಡ್ಡ ಪುಸ್ತಕ. ನಾವು ತೆರೆದು ನೋಡಲಾಗದ ಪುಸ್ತಕ. ಅದು ದೊಡ್ಡಪ್ಪನಿಗೆ ಚಾಡಿ ಹೇಳುವುದಿಲ್ಲ ನಿಜ. ಆದರೆ ಪರೀಕ್ಷೆಯ ಶುಲ್ಕ ಕಟ್ಟುವ ಕೊನೆಯ ದಿನ ಅದರ ಮುಂದೆ ಮುಖ ಬಾಡಿಸಿಕೊಂಡು ನಿಂತವನನ್ನು ಅದು 'ಏನು ಮರಿ' ಎಂದು ಕೇಳುವುದೂ ಇಲ್ಲ.

ಒಂದು ಸಂಜೆ ಶೆಟ್ಟರ ಅಂಗಡಿಗೆ ಹೋದೆ. ಅವರಿಗೆ ಈಗ ಎಪ್ಪತ್ತು ದಾಟಿದೆ. ಭರಣಿಗಳು ಅರ್ಧ ಖಾಲಿ. ಇಂದು ನಗದು ಎಂಬ ಫಲಕದ ಪಕ್ಕದಲ್ಲಿ ಫೋನಿನಿಂದ ಹಣ ಕಳುಹಿಸುವ ಚೌಕುಳಿ ಚಿತ್ರವನ್ನು ಅವರ ಮೊಮ್ಮಗ ಅಂಟಿಸಿಟ್ಟಿದ್ದಾನೆ. ವ್ಯಾಪಾರ ಹೇಗಿದೆಯೆಂದು ಕೇಳಿದೆ. "ಜೆರಾಕ್ಸ್ ನಡೀತದೆ ಮೇಷ್ಟ್ರೇ. ಮಿಕ್ಕಿದ್ದಕ್ಕೆಲ್ಲ ಆ ಕಡೆ ಹೋಗ್ತಾರೆ. ಯುಗಾದಿ ಕಳೆದ ಮೇಲೆ ಬಾಗಿಲು ಹಾಕೋಣ ಅಂತಿದೀನಿ," ಎಂದರು.

ಸ್ವಲ್ಪ ಹೊತ್ತು ಸುಮ್ಮನಿದ್ದು, ಹೆಸರು ಹೇಳದೆ, ಸಂತೆಯ ದಿನದ ಆ ಮಾತಿನಿಂದ ಏನಾಯಿತೆಂಬುದನ್ನು ತಿಳಿಸಿದೆ. ಹೇಳುವುದು ಸರಿಯೋ ಎಂದು ಆಕೆಯನ್ನು ಮೊದಲೇ ಕೇಳಿದ್ದೆ. "ಹೇಳಿ ಸರ್, ಅವರಿಗೆ ಗೊತ್ತಾಗಲಿ" ಎಂದಿದ್ದಳು.

ಶೆಟ್ಟರು ತಕ್ಷಣ, "ನಾನು ಒಳ್ಳೇದಕ್ಕೇ ಹೇಳಿದ್ದು ಮೇಷ್ಟ್ರೇ. ನಮ್ಮ ಮನೆ ಮಕ್ಕಳಾದ್ರೂ ಹಾಗೇ ಹೇಳ್ತಿದ್ದೆ" ಎಂದರು. ನಾನು ಏನೂ ಹೇಳಲಿಲ್ಲ. ಗಿರಾಕಿಯೊಬ್ಬ ಬಂದು ಎರಡು ಹಾಳೆ ಜೆರಾಕ್ಸ್ ಮಾಡಿಸಿಕೊಂಡು ಹೋದ. ಆಮೇಲೆ ಅವರು ತಲೆಯೆತ್ತದೆ ಕೇಳಿದರು:

"ಆ ಮಗು ಈಗ ಓದ್ತಾ ಇದೆಯಾ?"

"ಓದ್ತಾ ಇದೆ ಶೆಟ್ರೇ."

"ಇಷ್ಟು ವರ್ಷದಲ್ಲಿ ಎಷ್ಟು ಜನರ ಮನೇಲಿ ಎಷ್ಟು ಹೇಳಿದೀನೋ," ಎಂದು ತಮಗೆ ತಾವೇ ಹೇಳಿಕೊಂಡರು. ಅವರು ಲೆಕ್ಕದ ಮನುಷ್ಯ. ಆ ಒಂದು ಲೆಕ್ಕ ಅವರ ಪುಸ್ತಕದಲ್ಲಿರಲಿಲ್ಲ.

ನಾನೂ ನನ್ನ ಪ್ರಶ್ನೆಯನ್ನು, ಮದುವೆಮನೆಯ ಆ ಹಾಸ್ಯವನ್ನು, ಅವರಿಗೆ ಹೇಳಿದೆ. ಇಬ್ಬರೂ ಒಂದೇ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತಿದ್ದೆವು. ಮರುದಿನ ನಾನು ಆ ವಿದ್ಯಾರ್ಥಿನಿಯ ಕ್ಷಮೆ ಕೇಳಿದೆ. ನಕ್ಕದ್ದು ಎಲ್ಲರೆದುರಿಗಾದ್ದರಿಂದ ಕ್ಷಮೆಯನ್ನೂ ತರಗತಿಯಲ್ಲಿಯೇ, ಆಕೆಯ ಒಪ್ಪಿಗೆ ಪಡೆದು, ಕೇಳಿದೆ.

ಹೊಸ ಅಂಗಡಿಯನ್ನು ಓಡಿಸುವುದು ನನ್ನ ಉದ್ದೇಶವಲ್ಲ. ಡಿಂಕಿಟೌನಿನ ವಿದ್ಯಾರ್ಥಿಗಳ ಶೌರ್ಯವನ್ನು ಮೆಚ್ಚುತ್ತೇನೆ. ಆದರೆ ನಮ್ಮ ವಿದ್ಯಾರ್ಥಿನಿಯರಿಗೆ ಆ ಗಾಜಿನ ಬಾಗಿಲಿನ ಹಿಂದೆ ದೊರೆತಿರುವ ನೆಮ್ಮದಿಯನ್ನು ಕಿತ್ತುಕೊಳ್ಳಲು ನಾನು ಯಾರು? ಅಲ್ಲಿ ನಿಂತಿರುವ ಹುಡುಗಿಗೆ ಒಂದು ಕುರ್ಚಿ ಸಿಕ್ಕಬೇಕು. ಅಂಕಿಗಳನ್ನು ಹೇಳದೆಯೂ ಕೊಳ್ಳುವ ಹಕ್ಕು ನಮಗಿದೆಯೆಂಬುದನ್ನು ಮಕ್ಕಳಿಗೆ ತಿಳಿಸಬೇಕು. ಇದಿಷ್ಟನ್ನು ನಾವು ಆ ಅಂಗಡಿಯಿಂದ ಕೇಳಬಹುದು. ಕೇಳಲಾಗದ್ದು ಒಂದಿದೆ: ನಂಬಿಕೆಯ ಮೇಲೆ ಕೊಡುವ ಸಾಲ. ಶೆಟ್ಟರು ಬಾಗಿಲು ಹಾಕಿದ ಮೇಲೆ ಅದನ್ನು ಕೊಡುವವರು ಯಾರು?

ಈ ಪ್ರಶ್ನೆಗೆ ನಮ್ಮ ನಾಡು ಒಂದು ಉತ್ತರವನ್ನು ಬಹಳ ಹಿಂದೆಯೇ ಕಂಡುಕೊಂಡಿತ್ತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊದಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಪತ್ತು ಎಂದರೆ ಸಾಲವೆಂದು ಮಾತ್ರ ಅರ್ಥವಲ್ಲ, ನಂಬಿಕೆಯೆಂದೂ ಅರ್ಥ. ಒಬ್ಬ ದೊಡ್ಡ ಮನಸ್ಸಿನವನ ಕೃಪೆಯಾಗಿ ಬರುತ್ತಿದ್ದುದನ್ನು, ಎಲ್ಲರೂ ಕೂಡಿ ಎಲ್ಲರಿಗೂ ಕೊಟ್ಟುಕೊಳ್ಳುವ ಹಕ್ಕನ್ನಾಗಿ ಮಾಡಿದ್ದು ಆ ಯೋಜನೆಯ ಸಾರ.

ನಮ್ಮದು ಅಷ್ಟು ದೊಡ್ಡ ಪ್ರಯತ್ನವೇನಲ್ಲ. ಅಧ್ಯಾಪಕರು ಏಳು ಮಂದಿ ಸೇರಿ ತಿಂಗಳಿಗಿಷ್ಟೆಂದು ಹಾಕಿ ಒಂದು ಸಣ್ಣ ನಿಧಿ ಮಾಡಿದ್ದೇವೆ. ಶುಲ್ಕಕ್ಕೆ, ಬಸ್ಸಿನ ಪಾಸಿಗೆ, ಔಷಧಿಗೆ ಯಾರು ಕೇಳಿದರೂ ಅದರಿಂದ ಕೊಡುವುದು, ಆದಾಗ ಹಿಂದಿರುಗಿಸುವುದು. ಪುಸ್ತಕದಲ್ಲಿ ಹೆಸರು ಬರೆಯುವುದಿಲ್ಲ, ಕೇಳಿದವರೇ ಇಟ್ಟುಕೊಂಡ ಒಂದು ಗುರುತನ್ನು ಬರೆಯುತ್ತೇವೆ. ಯಾವೂರು, ಯಾರ ಮಗ, ಯಾರ ಮಗಳು ಎಂದು ಕೇಳಕೂಡದೆಂಬುದು ಮೊದಲನೆಯ ನಿಯಮ. ಅದನ್ನು ಸೂಚಿಸಿದವಳು ಪ್ರಬಂಧ ಬರೆದ ಆ ವಿದ್ಯಾರ್ಥಿನಿ.

ಆ ಲೆಕ್ಕಕ್ಕೆ ಬೇಕಾದ ಉದ್ದನೆಯ ಪುಸ್ತಕವನ್ನು ಶೆಟ್ಟರ ಅಂಗಡಿಯಿಂದಲೇ ತಂದೆ. ಅವರು ಮೇಲಿನ ಗೂಡಿನಿಂದ ಅದನ್ನು ತೆಗೆದು, ಧೂಳು ಒರಸಿ, ಕೈಗೆ ಕೊಟ್ಟು, "ನಗದೋ, ಲೆಕ್ಕಕ್ಕೋ?" ಎಂದು ಕೇಳಿದರು.

"ಲೆಕ್ಕಕ್ಕೆ ಬರೆದುಕೊಳ್ಳಿ ಶೆಟ್ರೇ," ಎಂದೆ. "ಯುಗಾದಿ ಕಳೆದ ಮೇಲೆ ಕೊಡ್ತೀನಿ."